ಹಲ್ಲಿನೊಳಗೊಂದು ಜೀವವಿದೆ, ಬಲ್ಲಿರಾ?

ಒಂದೇ ಮನೆಯ ಎರಡು ಹಲ್ಲುಗಳ ಕಥೆ ಇದು. ಒಂದು ಮಗಳದು, ಇನ್ನೊಂದು ತಾಯಿಯದು.

ನನ್ನ ಅಕ್ಕನ ಮಗಳಿಗೆ ಹತ್ತೊಂಬತ್ತು ವರ್ಷ. ಲಕ್ಷಣವಾದ ಹುಡುಗಿ. ಆದರೆ ಮೇಲಿನ ಸಾಲಿನ ಮುಂದಿನ ಎರಡು ಹಲ್ಲುಗಳಲ್ಲಿ ಒಂದು ಮಾತ್ರ ಹಳದಿ. ಹತ್ತು ವರ್ಷದವಳಿದ್ದಾಗ ಸೈಕಲ್ಲಿನಿಂದ ಬಿದ್ದು ಅಲ್ಲಿಗೆ ಪೆಟ್ಟಾಗಿತ್ತು. ಸ್ವಲ್ಪ ರಕ್ತ ಬಂತು, ಹಲ್ಲು ಅಲ್ಲಾಡಿತು, ಒಂದೆರಡು ವಾರದಲ್ಲಿ ಗಟ್ಟಿಯಾಯಿತು. ಎಲ್ಲರೂ ಮರೆತೂಬಿಟ್ಟರು. ಈಗ ಗಂಡಿನ ಕಡೆಯವರಿಗೆ ಫೋಟೋ ಕಳಿಸುವ ಮಾತು ಬಂದಾಗ ಅಕ್ಕನಿಗೆ ಆ ಹಲ್ಲಿನದೇ ಚಿಂತೆ. "ಸತ್ತ ಹಲ್ಲು ಕಣೇ ಅದು. ಕೀಳಿಸಿ ಬೇರೆ ಕಟ್ಟಿಸಿಬಿಡೋಣ ಅಂತಿದೀನಿ" ಎಂದು ಫೋನು ಮಾಡಿದಳು.

ಅಕ್ಕನ ಬಾಯಲ್ಲೂ ಒಂದು ಹಲ್ಲು ಹಿಂದಿನ ವರ್ಷ ಕಾಡಿತ್ತು. ಕೆಳಗಿನ ಬಲಗಡೆಯ ದವಡೆ ಹಲ್ಲು. ಮೂರು ರಾತ್ರಿ ಕಣ್ಣಿಗೆ ನಿದ್ದೆಯಿಲ್ಲ. ಲವಂಗದ ಎಣ್ಣೆ ಹತ್ತಿಯಲ್ಲಿ ಅದ್ದಿ ಇಟ್ಟಳು, ಅಂಗಡಿಯಿಂದ ಮಾತ್ರೆ ತರಿಸಿ ನುಂಗಿದಳು. ನಾಲ್ಕನೆಯ ದಿನ ನೋವು ಮಂಗಮಾಯ! "ಲವಂಗದ ಎಣ್ಣೆಗೇ ವಾಸಿಯಾಯ್ತು ನೋಡು, ಡಾಕ್ಟರಿಗೆ ಕೊಡೋ ದುಡ್ಡು ಉಳೀತು" ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದಳು.

ಮಗಳನ್ನು ತೋರಿಸಲು ಹೋದವಳು ತನ್ನದನ್ನೂ ತೋರಿಸಲಿ ಎಂದು ನಾನೇ ಒತ್ತಾಯ ಮಾಡಿ ಜೊತೆಗೆ ಹೋದೆ. ದಂತವೈದ್ಯೆ ಇಬ್ಬರನ್ನೂ ನೋಡಿದರು, ತಣ್ಣಗಿನದನ್ನು ಮುಟ್ಟಿಸಿ ಪರೀಕ್ಷಿಸಿದರು, ಎಕ್ಸ್-ರೇ ತೆಗೆಸಿದರು. ಆಮೇಲೆ ಹೇಳಿದರು: "ಮಗಳ ಹಲ್ಲು ಬದುಕಿದೆ ಅಮ್ಮ, ಅದನ್ನು ಕೀಳೋದು ಬೇಡ. ಸತ್ತಿರೋದು ನಿಮ್ಮ ಹಲ್ಲು."

ಅಕ್ಕ ಅವಾಕ್ಕಾದಳು. ಹಳದಿ ಹಲ್ಲು ಬದುಕಿದೆ, ನೋವಿಲ್ಲದ ಬಿಳಿ ಹಲ್ಲು ಸತ್ತಿದೆ ಎಂದರೆ ಯಾರಿಗೆ ತಾನೇ ಆಶ್ಚರ್ಯವಾಗದು? ಇದು ಹೇಗೆ ಎಂಬುದನ್ನು ನೀವೂ ತಿಳಿದುಕೊಂಡರೆ ನಿಮ್ಮ ಮನೆಯಲ್ಲಿ ಒಂದೆರಡು ಹಲ್ಲಾದರೂ ಉಳಿದಾವು.

ಹಲ್ಲಿನ ಒಳಗೇನಿದೆ?

ಹಲ್ಲನ್ನು ನಾವು ಕಲ್ಲಿನಂಥ ವಸ್ತು ಎಂದುಕೊಳ್ಳುತ್ತೇವೆ. ಹೊರಗಿನ ಪದರ ಹಾಗೆಯೇ ಇದೆ. ಅದಕ್ಕೆ ಎನಾಮಲ್ ಎನ್ನುತ್ತಾರೆ. ನಮ್ಮ ಮೈಯಲ್ಲೆಲ್ಲ ಅದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ಅದರಲ್ಲಿ ನರವಿಲ್ಲ, ರಕ್ತವಿಲ್ಲ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೆ ತಮ್ಮ ಕೆಲಸ ಮುಗಿಸಿ ಇಲ್ಲವಾಗುತ್ತವೆ. ಆದ್ದರಿಂದಲೇ ಒಮ್ಮೆ ಮುರಿದು ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ಅದರ ಒಳಗಿನ ಪದರ ಡೆಂಟಿನ್. ಇದು ಸ್ವಲ್ಪ ಹಳದಿ ಬಣ್ಣದ್ದು. ಇದರ ತುಂಬ ಕಣ್ಣಿಗೆ ಕಾಣದ ಕೊಳವೆಗಳು. ಒಂದು ಚದರ ಮಿಲಿಮೀಟರ್ ಜಾಗದಲ್ಲೇ ಹತ್ತಾರು ಸಾವಿರ! ಕೊಳವೆಗಳಲ್ಲಿ ನೀರಿನಂಥ ದ್ರವವಿರುತ್ತದೆ. ವಸಡು ಸರಿದೋ ಹಲ್ಲು ಸವೆದೋ ಡೆಂಟಿನ್ ಹೊರಗೆ ಕಂಡಾಗ ತಣ್ಣೀರು ತಗುಲಿದರೆ ಈ ದ್ರವ ಕದಲುತ್ತದೆ, ಒಳಗಿನ ನರಕ್ಕೆ ಸುದ್ದಿ ಮುಟ್ಟುತ್ತದೆ. 'ಹಲ್ಲು ಜುಂ ಅಂತು' ಎನ್ನುತ್ತೇವಲ್ಲ, ಅದು ಇದೇ.

ಎಲ್ಲಕ್ಕೂ ಒಳಗೆ, ತೆಂಗಿನಕಾಯಿಯ ಕರಟದೊಳಗೆ ಎಳೆ ತಿರುಳಿದ್ದಂತೆ, ಮೆತ್ತಗಿನ ಒಂದು ಭಾಗವಿದೆ. ವೈದ್ಯರು 'ಪಲ್ಪ್' ಎನ್ನುತ್ತಾರೆ. ನಾವು ತಿರುಳು ಎನ್ನೋಣ. ರಕ್ತನಾಳ, ನರ, ಜೀವಕೋಶ ಎಲ್ಲವೂ ಇರುವುದು ಇಲ್ಲಿ. ಬೇರಿನ ತುದಿಯ ಸಣ್ಣ ರಂಧ್ರದ ಮೂಲಕ ರಕ್ತ ಒಳಗೆ ಬಂದು ಹೋಗುತ್ತದೆ. ಹಲ್ಲಿನ ಜೀವ ಎಂದರೆ ಈ ತಿರುಳೇ.

ಒಳಗೇ ಗೋಡೆ ಕಟ್ಟುವ ಕೆಲಸಗಾರರು

ತಿರುಳಿನ ಅಂಚಿನಲ್ಲಿ ಸಾಲಾಗಿ ನಿಂತ ಜೀವಕೋಶಗಳೇ ಡೆಂಟಿನ್ ಕಟ್ಟುವ ಕೆಲಸಗಾರರು. ಎನಾಮಲ್ ಕಟ್ಟಿದವರಂತೆ ಇವರು ಕೆಲಸ ಬಿಟ್ಟು ಹೋಗುವುದಿಲ್ಲ. ತಿರುಳು ಬದುಕಿರುವವರೆಗೂ ನಿಧಾನವಾಗಿ ಒಳಗಡೆಯಿಂದ ಗೋಡೆ ಕಟ್ಟುತ್ತಲೇ ಇರುತ್ತಾರೆ. ಇರುವ ಕೋಣೆಯ ಒಳಗೇ ಗೋಡೆ ದಪ್ಪ ಮಾಡುತ್ತಾ ಬಂದರೆ ಏನಾಗುತ್ತದೆ? ಕೋಣೆ ಚಿಕ್ಕದಾಗುತ್ತದೆ. ಅದಕ್ಕೇ ಇಪ್ಪತ್ತರ ಹುಡುಗಿಯ ಹಲ್ಲಿನಲ್ಲಿ ತಿರುಳು ವಿಶಾಲವಾಗಿರುತ್ತದೆ, ಅರವತ್ತರ ಅಜ್ಜಿಯ ಹಲ್ಲಿನಲ್ಲಿ ಕಿರಿದಾಗಿರುತ್ತದೆ. ವಯಸ್ಸಾದ ಮೇಲೆ ಹಲ್ಲು ತುಸು ಹಳದಿಯಾಗಿ ಕಾಣುವುದಕ್ಕೂ ಇದೊಂದು ಕಾರಣ.

ಇದು ದಿನನಿತ್ಯದ ಕೆಲಸವಾಯಿತು. ಹಲ್ಲಿಗೆ ತೊಂದರೆ ಬಂದಾಗ ಇದೇ ಕೆಲಸ ಅವಸರದಿಂದ ನಡೆಯುತ್ತದೆ. ಹುಳುಕು ಒಂದು ಕಡೆಯಿಂದ ತೂತು ಕೊರೆಯುತ್ತಾ ಬಂದರೆ, ಒಳಗಿನವರು ಆ ಕಡೆಗೇ ಹೊಸ ಡೆಂಟಿನ್ ಹಚ್ಚುತ್ತಾರೆ. ಇದ್ದಿಲು ಪುಡಿ, ಇಟ್ಟಿಗೆ ಪುಡಿ ಹಾಕಿ ಹಲ್ಲು ತಿಕ್ಕುವವರಿಗೆ, ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಹಲ್ಲು ಸವೆಯುತ್ತದಲ್ಲ, ಆಗಲೂ ಹೀಗೆಯೇ. ಹೀಗೆ ತಿರುಳಿನ ಜಾಗ ಗಟ್ಟಿಯಾಗುತ್ತಾ ಬರುವುದನ್ನು ಸುಣ್ಣಗಟ್ಟುವುದು ಎನ್ನಬಹುದು. ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಹಕ್ಕಳೆ ಕಟ್ಟುವುದು ನೆನಪಾಗಬಹುದು. ಆದರೆ ಹಂಡೆಯ ಸುಣ್ಣ ನೀರಿನಿಂದ ಬಂದದ್ದು. ಹಲ್ಲಿನ ಸುಣ್ಣವನ್ನು ಜೀವಂತ ತಿರುಳು ತನ್ನ ರಕ್ಷಣೆಗೆಂದು ತಾನೇ ಕಟ್ಟಿಕೊಂಡದ್ದು. ಬೋರ್‌ವೆಲ್ಲಿನ ಗಡಸು ನೀರು ಕುಡಿದದ್ದಕ್ಕೆ ಹಲ್ಲಿನೊಳಗೆ ಸುಣ್ಣ ಕಟ್ಟಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಪೆಟ್ಟು ಬಿದ್ದ ಹಲ್ಲು ಹಳದಿಯಾದರೆ

ಈಗ ಮಗಳ ಹಲ್ಲಿಗೆ ಬರೋಣ. ಹಲ್ಲಿಗೆ ಪೆಟ್ಟು ಬಿದ್ದು ಅದು ಅಲ್ಲಾಡಿದಾಗ ಬೇರಿನ ತುದಿಯಲ್ಲಿ ಬರುವ ರಕ್ತನಾಳಗಳಿಗೆ ಏಟಾಗುತ್ತದೆ. ಕೆಲವು ಹಲ್ಲುಗಳಲ್ಲಿ ತಿರುಳು ಆಗಲೇ ಸಾಯುತ್ತದೆ. ಕೆಲವು ಚೇತರಿಸಿಕೊಳ್ಳುತ್ತವೆ, ಆದರೆ ಚೇತರಿಸಿಕೊಂಡ ತಿರುಳು ಕಡಿವಾಣವಿಲ್ಲದಂತೆ ಡೆಂಟಿನ್ ಕಟ್ಟತೊಡಗುತ್ತದೆ. ಕೆಲವು ತಿಂಗಳು, ವರ್ಷಗಳಲ್ಲಿ ತಿರುಳಿನ ಜಾಗವೆಲ್ಲ ತುಂಬಿ, ಎಕ್ಸ್-ರೇಯಲ್ಲಿ ನಾಳವೇ ಇಲ್ಲವೇನೋ ಎನ್ನುವಷ್ಟು ಮುಚ್ಚಿಹೋಗುತ್ತದೆ. ಡೆಂಟಿನ್ ದಪ್ಪವಾದದ್ದರಿಂದ ಹೊರಗೆ ಹಳದಿ ಕಾಣುತ್ತದೆ. ಅಂದರೆ ಆ ಹಳದಿ ಸಾವಿನ ಗುರುತಲ್ಲ, ತಿರುಳು ಬದುಕಿ ಕೆಲಸ ಮಾಡಿದ್ದರ ಗುರುತು. ಬೂದು ಬಣ್ಣಕ್ಕೆ ತಿರುಗಿದ ಹಲ್ಲಿನ ಮೇಲೆ ಅನುಮಾನ ಹೆಚ್ಚು. ಹಾಗೆಂದು ಬಣ್ಣವೊಂದನ್ನೇ ನೋಡಿ ತೀರ್ಮಾನ ಮಾಡುವಂತಿಲ್ಲ, ಪರೀಕ್ಷೆ ಬೇಕೇ ಬೇಕು.

"ಹಾಗಾದರೆ ಮುಂದೆ ಎಂದಾದರೂ ಕೆಡುವ ಮೊದಲೇ ರೂಟ್ ಕೆನಾಲ್ ಮಾಡಿಸಿಬಿಡೋದು ಒಳ್ಳೇದಲ್ಲವೇ?" ಎಂದು ಅಕ್ಕ ಕೇಳಿದಳು. ನಿಮಗೂ ಹಾಗೆ ಅನ್ನಿಸಬಹುದು. ಸ್ವೀಡನ್ ಮತ್ತು ಡೆನ್ಮಾರ್ಕಿನ ದಂತವೈದ್ಯರು ಪೆಟ್ಟು ಬಿದ್ದು ಹೀಗೆ ಸುಣ್ಣಗಟ್ಟಿದ ೮೨ ಮುಂದಿನ ಹಲ್ಲುಗಳನ್ನು ಸರಾಸರಿ ೧೬ ವರ್ಷ ಗಮನಿಸಿ, ೧೯೯೬ರಲ್ಲಿ ಅದರ ವಿವರ ಪ್ರಕಟಿಸಿದರು. ಬೇರಿನ ತುದಿಯಲ್ಲಿ ಸೋಂಕಿನ ಗುರುತು ಕಂಡದ್ದು ೭ ಹಲ್ಲುಗಳಲ್ಲಿ ಮಾತ್ರ. ಉಳಿದ ೭೫ ಹಲ್ಲುಗಳ ಕಥೆ ಏನು? ಮೊದಲೇ ಕೊರೆದಿದ್ದರೆ ಅವಕ್ಕೆಲ್ಲ ಬೇಡದ ಚಿಕಿತ್ಸೆಯಾಗುತ್ತಿತ್ತು. ಆದ್ದರಿಂದ ಇಂಥ ಹಲ್ಲನ್ನು ಸುಮ್ಮನೆ ಬಿಟ್ಟು ವರ್ಷಕ್ಕೊಮ್ಮೆ ತೋರಿಸುತ್ತಿದ್ದರೆ ಸಾಕು.

ಇನ್ನೊಂದು ಮಾತು. ಸುಣ್ಣಗಟ್ಟಿದ ಹಲ್ಲಿಗೆ ತಣ್ಣಗಿನದು ಮುಟ್ಟಿಸಿದರೆ ಅಥವಾ ವಿದ್ಯುತ್ ಉಪಕರಣದಿಂದ ಪರೀಕ್ಷಿಸಿದರೆ ಏನೂ ಗೊತ್ತಾಗದೇ ಇರಬಹುದು. ಗೋಡೆ ದಪ್ಪವಾದರೆ ಹೊರಗಿನ ಸದ್ದು ಒಳಗೆ ಕೇಳುವುದಿಲ್ಲವಲ್ಲ, ಹಾಗೆ. 'ಸ್ಪರ್ಶ ಗೊತ್ತಾಗಲಿಲ್ಲ, ಹಲ್ಲು ಸತ್ತಿದೆ' ಎಂದು ಆ ಒಂದು ಪರೀಕ್ಷೆಯಿಂದಲೇ ತೀರ್ಮಾನಿಸುವುದು ಸರಿಯಲ್ಲ. ಎಕ್ಸ್-ರೇಯಲ್ಲಿ ಬೇರಿನ ತುದಿ ಹೇಗಿದೆ, ತಟ್ಟಿದರೆ ನೋವಿದೆಯೇ, ವಸಡಿನಲ್ಲಿ ಗುಳ್ಳೆ ಇದೆಯೇ ಎಂಬುದನ್ನೆಲ್ಲ ಸೇರಿಸಿ ನೋಡಬೇಕು.

ಬಣ್ಣಕ್ಕೆ ಏನು ಮಾಡೋದು? ಮಗಳ ಹಲ್ಲಿಗೆ ವೈದ್ಯೆ ಮೊದಲು ಸೂಚಿಸಿದ್ದು ಹೊರಗಿನಿಂದ ಬಿಳುಪು ಮಾಡುವ ಚಿಕಿತ್ಸೆ. ಇಂಥ ಹಲ್ಲಿನಲ್ಲಿ ಫಲ ನಿಧಾನ, ತಾಳ್ಮೆ ಬೇಕು. ಅದು ಸಾಲದಿದ್ದರೆ ಮುಂಭಾಗಕ್ಕೆ ಹಲ್ಲಿನ ಬಣ್ಣದ ತೆಳು ಪದರ ಹಚ್ಚಬಹುದು. ಬರೀ ಬಣ್ಣಕ್ಕಾಗಿ ಸುತ್ತಲೂ ಉಜ್ಜಿ ಟೋಪಿ ಹಾಕಿಸುವ ಆತುರ ಬೇಡ. ಹಾಗೆ ಉಜ್ಜುವುದೇ ತಿರುಳಿಗೆ ಇನ್ನೊಂದು ಏಟು.

ಅಂದಹಾಗೆ, ಒಂದೇ ಹಲ್ಲು ಹಳದಿಯಾಗುವುದು ಬೇರೆ, ಹೆಚ್ಚುಕಡಿಮೆ ಎಲ್ಲ ಹಲ್ಲುಗಳಲ್ಲೂ ಬಿಳಿ ಅಥವಾ ಕಂದು ಪಟ್ಟೆ ಬರುವುದು ಬೇರೆ. ಕೋಲಾರ, ತುಮಕೂರು, ರಾಯಚೂರು ಮೊದಲಾದ ಕಡೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಕಾಣುವುದು ಈ ಎರಡನೆಯದು. ಅದು ಎನಾಮಲ್ಲಿನ ತೊಂದರೆ, ತಿರುಳಿನದಲ್ಲ.

ತಿರುಳಿನಲ್ಲಿ ಕಲ್ಲು!

ಎಕ್ಸ್-ರೇ ನೋಡುತ್ತಾ ವೈದ್ಯರು "ಇಲ್ಲೊಂದು ಪಲ್ಪ್ ಸ್ಟೋನ್ ಇದೆ" ಎಂದರೆ ಎದೆ ಧಸಕ್ಕೆನ್ನಬೇಕಿಲ್ಲ. ತಿರುಳಿನಲ್ಲಿ ಅಲ್ಲಲ್ಲಿ ಸುಣ್ಣ ಹರಳುಗಟ್ಟಿ ಸಣ್ಣ ಕಲ್ಲಿನಂತಾಗುವುದುಂಟು. ದವಡೆ ಹಲ್ಲುಗಳಲ್ಲಿ ಇದು ಹೆಚ್ಚು. ಬಹಳ ಮಂದಿಯಲ್ಲಿ ಇರುತ್ತದೆ, ಎಕ್ಸ್-ರೇ ತೆಗೆಯುವವರೆಗೆ ಗೊತ್ತೇ ಆಗುವುದಿಲ್ಲ. ಸಾಮಾನ್ಯವಾಗಿ ಅದರಿಂದ ನೋವೂ ಇಲ್ಲ. ಕಲ್ಲು ಇದೆ ಎಂಬ ಒಂದೇ ಕಾರಣಕ್ಕೆ ಹಲ್ಲನ್ನು ಕೊರೆಸಬೇಕಿಲ್ಲ.

"ಅಯ್ಯೋ, ನಾನು ಕ್ಯಾಲ್ಸಿಯಂ ಮಾತ್ರೆ ನುಂಗ್ತಾ ಇದ್ದೀನಲ್ಲ, ಅದಕ್ಕೇ ಇರಬೇಕು!" ಎಂದು ಹೆದರಿ ಮಾತ್ರೆ ನಿಲ್ಲಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಾಲು, ರಾಗಿ ಅಥವಾ ಕ್ಯಾಲ್ಸಿಯಂ ಮಾತ್ರೆಯಿಂದ ಹಲ್ಲಿನೊಳಗೆ ಕಲ್ಲು ಬರುವುದಿಲ್ಲ. ಬಸುರಿ, ಬಾಣಂತಿ, ಮುಟ್ಟು ನಿಂತವರಿಗೆ ವೈದ್ಯರು ಕೊಟ್ಟ ಕ್ಯಾಲ್ಸಿಯಂ ಮೂಳೆಗೆ ಬೇಕಾದದ್ದು. ಮೂತ್ರಕೋಶದ ಕಲ್ಲಿಗೂ ಹಲ್ಲಿನ ಕಲ್ಲಿಗೂ ನಂಟಿದೆ ಎಂಬ ಮಾತೂ ಇದೆ. ಅದು ಖಚಿತವಾಗಿ ಸಾಬೀತಾಗಿಲ್ಲ.

ಎರಡು ಸಂದರ್ಭಗಳನ್ನು ಮಾತ್ರ ನೆನಪಿಡಿ. ಮೂತ್ರಪಿಂಡದ ದೀರ್ಘ ಕಾಯಿಲೆಯಿದ್ದು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರಲ್ಲಿ, ಬಹಳ ಕಾಲ ಸ್ಟೀರಾಯ್ಡ್ ಔಷಧಿ ತೆಗೆದುಕೊಂಡವರಲ್ಲಿ ತಿರುಳಿನ ಜಾಗ ಬೇಗ ಕಿರಿದಾಗುವುದುಂಟು. ನೀವು ಅಂಥವರಾಗಿದ್ದರೆ ದಂತವೈದ್ಯರ ಬಳಿ ಮುಚ್ಚಿಡದೆ ಹೇಳಿ.

ನೋವು ನಿಂತಿತೆಂದು ಹಿಗ್ಗಬೇಡಿ

ಇನ್ನು ಅಕ್ಕನ ಹಲ್ಲು. ಹುಳುಕು ತಿರುಳಿನವರೆಗೆ ಇಳಿದಾಗ ತಿರುಳು ಊದಿಕೊಳ್ಳುತ್ತದೆ. ಕೈಗೆ ಪೆಟ್ಟಾದರೆ ಊದಿಕೊಳ್ಳಲು ಜಾಗವಿದೆ. ಹಲ್ಲಿನೊಳಗೆ ನಾಲ್ಕೂ ಕಡೆ ಗಟ್ಟಿ ಗೋಡೆ, ಜಾಗವೆಲ್ಲಿ? ಒಳಗಿನ ಒತ್ತಡ ಏರುತ್ತದೆ, ಸಿಡಿಯುವಂಥ ನೋವು ಬರುತ್ತದೆ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುವುದರಿಂದ ರಾತ್ರಿ ನೋವು ಇಮ್ಮಡಿ. ಕೊನೆಗೆ ರಕ್ತಸಂಚಾರ ನಿಂತು ತಿರುಳು ಸಾಯುತ್ತದೆ. ಸತ್ತದ್ದಕ್ಕೆ ನೋವೆಲ್ಲಿಯದು? ಅಕ್ಕನಿಗೆ ನಾಲ್ಕನೆಯ ದಿನ ಆದದ್ದು ಇದೇ. ಲವಂಗದ ಎಣ್ಣೆ ನೋವನ್ನು ಸ್ವಲ್ಪ ಮರೆಸಬಲ್ಲದು, ಹುಳುಕನ್ನು ವಾಸಿ ಮಾಡಲಾರದು.

ನೋವು ಹೋದರೂ ರೋಗ ಹೋಗುವುದಿಲ್ಲ. ಸತ್ತ ತಿರುಳಿನಲ್ಲಿ ರೋಗಾಣುಗಳು ಮನೆ ಮಾಡುತ್ತವೆ, ಬೇರಿನ ತುದಿಯಿಂದ ಹೊರಬಿದ್ದು ದವಡೆಯ ಮೂಳೆಯನ್ನು ಸದ್ದಿಲ್ಲದೆ ಕರಗಿಸುತ್ತವೆ. ಅಕ್ಕನ ವಸಡಿನ ಮೇಲೆ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದು, ಒಡೆದು, ಮತ್ತೆ ಏಳುತ್ತಿತ್ತು. 'ಉಷ್ಣ' ಎಂದುಕೊಂಡು ಅವಳು ಎಳನೀರು ಕುಡಿಯುತ್ತಿದ್ದಳು. ಅದು ಬೇರಿನ ಕೀವು ಹೊರಬರಲು ಮಾಡಿಕೊಂಡ ದಾರಿಯಾಗಿತ್ತು.

ಯಾವ ನೋವು ಯಾವುದರ ಸೂಚನೆ? ಇಷ್ಟನ್ನು ನೆನಪಿಟ್ಟುಕೊಳ್ಳಿ:

* ತಣ್ಣಗಿನದೋ ಸಿಹಿಯೋ ತಗುಲಿದಾಗ ಜುಂ ಎಂದು, ತೆಗೆದ ಕೂಡಲೇ ನಿಂತರೆ ತಿರುಳು ಸುಸ್ಥಿತಿಗೆ ಮರಳುವ ಸಾಧ್ಯತೆ ಹೆಚ್ಚು. ವೈದ್ಯರಲ್ಲಿಗೆ ಹೋಗಲು ಸರಿಯಾದ ಸಮಯ ಇದೇ.
* ಬಿಸಿ ಕಾಫಿ ಕುಡಿದ ಮೇಲೆ ನಿಮಿಷಗಟ್ಟಲೆ ನೋವು ಉಳಿದರೆ, ಯಾವ ಕಾರಣವೂ ಇಲ್ಲದೆ ತಾನಾಗಿ ನೋವು ಬಂದರೆ, ರಾತ್ರಿ ಎಬ್ಬಿಸಿದರೆ ತಿರುಳಿನ ಉರಿಯೂತ ಬಲವಾಗಿದೆ. ತಡ ಮಾಡಬೇಡಿ.
* ಬಲವಾದ ನೋವು ಇದ್ದಕ್ಕಿದ್ದಂತೆ ನಿಂತರೆ ತಿರುಳು ಸತ್ತಿರಬಹುದು. ಆಗಲೂ ಹೋಗಲೇಬೇಕು.
* ವಸಡಿನಲ್ಲಿ ಬಂದುಹೋಗುವ ಗುಳ್ಳೆ, ಅಗಿದರೆ ನೋವು, ಬಾಯಲ್ಲಿ ಕೆಟ್ಟ ರುಚಿ: ಇವು ಬೇರಿನ ಸೋಂಕಿನ ಸೂಚನೆಗಳಾಗಿರಬಹುದು.
* ಮುಖ ಅಥವಾ ಗಲ್ಲದ ಕೆಳಗೆ ಊತ, ಜ್ವರ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟ: ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಿ. ಇದು ಪ್ರಾಣಕ್ಕೇ ಅಪಾಯ ತರಬಲ್ಲದು.

ಅತ್ತೆ, ಅಜ್ಜಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವರ ಹಲ್ಲಿನೊಳಗೆ ಗೋಡೆ ದಪ್ಪವಾಗಿ ತಿರುಳು ಕಿರಿದಾಗಿರುವುದರಿಂದ ದೊಡ್ಡ ಹುಳುಕಾದರೂ ನೋವು ಕಾಣದೇ ಹೋಗಬಹುದು. "ನನಗೇನೂ ನೋವಿಲ್ಲ ಬಿಡೇ" ಎಂದರೂ ವರ್ಷಕ್ಕೊಮ್ಮೆ ಬಾಯಿ ತೋರಿಸಿಕೊಂಡು ಬನ್ನಿ.

ತಿರುಳನ್ನು ಉಳಿಸಬಹುದೇ?

ಎಷ್ಟೋ ಸಲ ಉಳಿಸಬಹುದು! ೧೯೬೫ರಲ್ಲಿ ಅಮೆರಿಕದ ಕಾಕೆಹಾಶಿ, ಸ್ಟ್ಯಾನ್ಲಿ, ಫಿಟ್ಜ್‌ಜೆರಾಲ್ಡ್ ಎಂಬ ಮೂವರು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಇಲಿಗಳ ಹಲ್ಲನ್ನು ಕೊರೆದು ತಿರುಳನ್ನು ತೆರೆದು ಹಾಗೆಯೇ ಬಿಟ್ಟರು. ಸಾಮಾನ್ಯ ಇಲಿಗಳಲ್ಲಿ ತಿರುಳು ಸತ್ತು ಕೀವಾಯಿತು. ಆದರೆ ರೋಗಾಣುಗಳೇ ಇಲ್ಲದ ಪರಿಸರದಲ್ಲಿ ಸಾಕಿದ ಇಲಿಗಳಲ್ಲಿ, ತೂತಿನಲ್ಲಿ ತಿಂಡಿಯ ಚೂರು ತುಂಬಿದ್ದರೂ, ತಿರುಳು ಸಾಯಲಿಲ್ಲ. ಕೆಲವೇ ವಾರಗಳಲ್ಲಿ ತೂತಿಗೆ ಅಡ್ಡಲಾಗಿ ಡೆಂಟಿನ್ನಿನ ಸೇತುವೆ ಕಟ್ಟಿಕೊಂಡಿತು! ತಿರುಳಿಗೆ ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳುವ ಶಕ್ತಿ ಇದೆ, ಅದನ್ನು ಸೋಲಿಸುವುದು ರೋಗಾಣು ಎಂಬುದು ಇದರಿಂದ ಸ್ಪಷ್ಟವಾಯಿತು.

ತಿರುಳಿನ ಗಾಯಕ್ಕೆ ದಂತವೈದ್ಯರು ಬಹುಕಾಲದಿಂದ ಹಚ್ಚುತ್ತಾ ಬಂದಿರುವ ಔಷಧಿ ಯಾವುದು ಗೊತ್ತೇ? ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಎಂದರೆ ನಾವು ವೀಳ್ಯದೆಲೆಗೆ ಸವರುವ ಸುಣ್ಣವೇ, ಶುದ್ಧ ಮಾಡಿದ್ದು. ಜರ್ಮನಿಯ ಹರ್ಮನ್ ಎಂಬ ದಂತವೈದ್ಯ ೧೯೨೦ರ ದಶಕದಲ್ಲಿ ಇದನ್ನು ಬಳಕೆಗೆ ತಂದ. ೧೯೯೦ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಟೊರಾಬಿನೆಜಾದ್ ಮತ್ತು ಸಂಗಡಿಗರು 'ಎಂಟಿಎ' ಎಂಬ ಇನ್ನೊಂದನ್ನು ರೂಪಿಸಿದರು. ಮನೆ ಕಟ್ಟುವ ಸಿಮೆಂಟಿನ ಜಾತಿಯದೇ ಅದು. ಒದ್ದೆಯಲ್ಲೂ ಗಟ್ಟಿಯಾಗಿ ರೋಗಾಣು ನುಸುಳದಂತೆ ಮುಚ್ಚುತ್ತದೆ. ಹಾಗೆಂದು ಎಲೆಡಬ್ಬಿಯ ಸುಣ್ಣವನ್ನು ಹುಳುಕು ಹಲ್ಲಿಗೆ ತುಂಬಿ ಬಿಟ್ಟೀರಿ, ಜೋಕೆ! ವಸಡು ಸುಟ್ಟುಹೋಗುತ್ತದೆ.

ಹಿಂದೆ ಹುಳುಕನ್ನು ಪೂರ್ತಿ ಕೆರೆದು ತೆಗೆಯಲೇಬೇಕು ಎನ್ನುತ್ತಿದ್ದರು. ಹಾಗೆ ಕೆರೆಯುವಾಗ ಎಷ್ಟೋ ಸಲ ತಿರುಳು ತೆರೆದುಕೊಳ್ಳುತ್ತಿತ್ತು. ಈಗ ಆಳವಾದ ಹುಳುಕಿನಲ್ಲಿ ಅಂಚುಗಳನ್ನು ಪೂರ್ತಿ ಚೊಕ್ಕಟ ಮಾಡಿ, ತಿರುಳಿನ ಮೇಲಿನ ಕೊನೆಯ ತೆಳು ಪದರವನ್ನು ಹಾಗೆಯೇ ಬಿಟ್ಟು ಭದ್ರವಾಗಿ ಮುಚ್ಚುವುದೇ ಮೇಲು ಎನ್ನುತ್ತಾರೆ. ೨೦೧೯ರಲ್ಲಿ ಯುರೋಪಿನ ತಜ್ಞರ ಸಂಘವೂ ಇದನ್ನೇ ಸೂಚಿಸಿತು. ಆದ್ದರಿಂದ ವೈದ್ಯರು ರೂಟ್ ಕೆನಾಲ್ ಎಂದಾಗ "ಡಾಕ್ಟ್ರೇ, ತಿರುಳು ಬದುಕಿದೆಯೇ? ಉಳಿಸುವ ಸಾಧ್ಯತೆ ಇದೆಯೇ?" ಎಂದು ಕೇಳಲು ಸಂಕೋಚಪಡಬೇಡಿ. ಕೇಳಿದರೆ ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ.

ತಿರುಳು ಸತ್ತಿದ್ದರೆ ಮಾತ್ರ ರೂಟ್ ಕೆನಾಲ್ ಇಲ್ಲವೇ ಹಲ್ಲು ಕೀಳಿಸುವುದು, ಎರಡರಲ್ಲಿ ಒಂದು ಅನಿವಾರ್ಯ. ಸುಣ್ಣಗಟ್ಟಿದ ಹಲ್ಲಿನಲ್ಲಿ ರೂಟ್ ಕೆನಾಲ್ ಕಷ್ಟದ ಕೆಲಸ. ಕೂದಲೆಳೆಯಂಥ ನಾಳವನ್ನು ಹುಡುಕಬೇಕು, ದಾರಿ ತಪ್ಪಿದರೆ ಬೇರಿಗೇ ತೂತಾಗುವ ಭಯ. ಈಗ ಸೂಕ್ಷ್ಮದರ್ಶಕ ಇಟ್ಟುಕೊಂಡು ಮಾಡುವ ತಜ್ಞರಿದ್ದಾರೆ, ಬೇರನ್ನು ಎಲ್ಲ ಕಡೆಯಿಂದ ತೋರಿಸುವ ಸ್ಕ್ಯಾನ್ ಇದೆ. ಖರ್ಚಿನ ಚಿಂತೆಯಿದ್ದರೆ ದಂತ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸಿ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ೧೯೫೮ರಿಂದ ಇದೆ. ಕಾಯಬೇಕಾದೀತು, ಆದರೆ ಪ್ರತಿ ಹಂತವನ್ನೂ ಹಿರಿಯ ವೈದ್ಯರು ನೋಡಿಯೇ ಮುಂದಕ್ಕೆ ಬಿಡುತ್ತಾರೆ.

ಬಸುರಿಯರಿಗೂ ತಾಯಂದಿರಿಗೂ

'ಹೊಟ್ಟೆಯಲ್ಲಿರುವ ಮಗು ತಾಯಿಯ ಹಲ್ಲಿನ ಸುಣ್ಣ ಎಳೆದುಕೊಳ್ಳುತ್ತೆ' ಎಂದು ಹಿರಿಯರು ಹೇಳುವುದುಂಟು. ಅದು ನಿಜವಲ್ಲ. ಹಲ್ಲಿನ ಸುಣ್ಣ ಹಾಗೆ ರಕ್ತಕ್ಕೆ ವಾಪಸು ಹೋಗುವುದಿಲ್ಲ. ಬಸಿರಿನಲ್ಲಿ ಹಲ್ಲು ಕೆಡುವುದು ವಾಂತಿಯ ಹುಳಿಯಿಂದ, ಆಗಾಗ ಸಿಹಿ ತಿನ್ನುವುದರಿಂದ, ಸುಸ್ತಿನಲ್ಲಿ ಹಲ್ಲುಜ್ಜದೆ ಬಿಡುವುದರಿಂದ. ವಾಂತಿಯಾದ ಕೂಡಲೇ ಹಲ್ಲುಜ್ಜಬೇಡಿ, ಹುಳಿಗೆ ಮೆತ್ತಗಾದ ಎನಾಮಲ್ ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡಿಗೆ ಸೋಡ ಹಾಕಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಹಲ್ಲು ನೋವು ಬಂದರೆ ಹೆರಿಗೆಯವರೆಗೆ ಕಾಯಬೇಡಿ. ನಾಲ್ಕರಿಂದ ಆರನೆಯ ತಿಂಗಳು ಚಿಕಿತ್ಸೆಗೆ ಅನುಕೂಲ, ತುರ್ತಾದರೆ ಯಾವಾಗಲಾದರೂ ಸರಿ. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ಮಾತ್ರ ನುಂಗಬೇಡಿ.

ಮಗುವಿಗೆ ಸುಮಾರು ಆರು ವರ್ಷವಾದಾಗ, ಹಾಲುಹಲ್ಲುಗಳ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಸದ್ದಿಲ್ಲದೆ ಬರುತ್ತದೆ. ಯಾವ ಹಲ್ಲೂ ಬಿದ್ದಿರುವುದಿಲ್ಲವಾದ್ದರಿಂದ ತಾಯಂದಿರು ಇದನ್ನೂ ಹಾಲುಹಲ್ಲೆಂದು ತಿಳಿದು, ಹುಳುಕಾದರೆ 'ಹೇಗೂ ಬಿದ್ದುಹೋಗುತ್ತೆ' ಎಂದು ಬಿಡುತ್ತಾರೆ. ಅದು ಜೀವಮಾನವಿಡೀ ಇರಬೇಕಾದ ಹಲ್ಲು! ಹಲ್ಲು ಹುಟ್ಟಿದ ಮೇಲೂ ಬೇರು ಪೂರ್ಣವಾಗಲು ಎರಡು ಮೂರು ವರ್ಷ ಬೇಕು. ಅಷ್ಟರಲ್ಲಿ ತಿರುಳು ಸತ್ತರೆ ಬೇರು ಅರ್ಧಕ್ಕೇ ನಿಲ್ಲುತ್ತದೆ. ಎಳೆಯ ಹಲ್ಲಿನ ತಿರುಳನ್ನು ಉಳಿಸಿಕೊಳ್ಳುವುದು ಅಷ್ಟು ಮುಖ್ಯ.

ಮಗು ಬಿದ್ದು ಹಲ್ಲಿಗೆ ಪೆಟ್ಟಾದರೆ, ಹಲ್ಲು ಗಟ್ಟಿಯಾಗಿ ಕಂಡರೂ ಒಮ್ಮೆ ತೋರಿಸಿ, ದಿನಾಂಕ ಬರೆದಿಟ್ಟುಕೊಳ್ಳಿ. ಮುಂದೆ ಬಣ್ಣ ತಿರುಗಿದಾಗ ವೈದ್ಯರಿಗೆ ಅದು ಉಪಯೋಗಕ್ಕೆ ಬರುತ್ತದೆ. ಶಾಶ್ವತ ಹಲ್ಲು ಪೂರ್ತಿ ಕಿತ್ತು ಬಂದರೆ ಬೇರನ್ನು ಮುಟ್ಟದೆ ಮೇಲ್ಭಾಗ ಹಿಡಿದುಕೊಳ್ಳಿ, ಕೊಳೆಯಾಗಿದ್ದರೆ ಹಾಲಿನಲ್ಲೋ ನೀರಿನಲ್ಲೋ ಅದ್ದಿ ತೆಗೆಯಿರಿ, ಉಜ್ಜಬೇಡಿ. ಸಾಧ್ಯವಾದರೆ ಅದೇ ಜಾಗದಲ್ಲಿ ಕೂರಿಸಿ. ಆಗದಿದ್ದರೆ ಹಾಲಿನಲ್ಲಿಟ್ಟು ಅರ್ಧ ಗಂಟೆಯೊಳಗೆ ವೈದ್ಯರಲ್ಲಿಗೆ ಓಡಿ. ಹಾಲುಹಲ್ಲಾದರೆ ವಾಪಸು ಕೂರಿಸಬಾರದು.

ದಿನನಿತ್ಯ ಇಷ್ಟು ಮಾಡಿ

ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ, ಮೆತ್ತಗಿನ ಬ್ರಷ್ಷಿನಲ್ಲಿ ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜಿ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಆರರವರೆಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿಗಳಿಂದ ತಿಕ್ಕಬೇಡಿ. ಬೆಲ್ಲದ ಮಿಠಾಯಿ, ಬಿಸ್ಕತ್ತು ತಿನ್ನುವುದಾದರೆ ಊಟದ ಜೊತೆಗೇ ತಿಂದು ಮುಗಿಸಿ. ದಿನವಿಡೀ ಚೂರುಚೂರಾಗಿ ಮೆಲ್ಲುವುದೇ ಹಲ್ಲಿಗೆ ಹೆಚ್ಚು ಕೆಟ್ಟದ್ದು. ಮಕ್ಕಳ ಸಂಜೆಯ ತಿಂಡಿಗೆ ಹುರಿಗಡಲೆ, ಕಡಲೆಕಾಯಿ, ಸೌತೆಕಾಯಿ ಹೋಳು ಕೊಡಿ. ನೋಯುವ ಹಲ್ಲಿನ ಪಕ್ಕ ಆಸ್ಪಿರಿನ್ ಮಾತ್ರೆ ಇಟ್ಟುಕೊಳ್ಳಬೇಡಿ, ವಸಡು ಸುಡುತ್ತದೆ.

ಅಕ್ಕನ ಹಲ್ಲು ಏನಾಯಿತು ಎಂದು ಕೇಳುತ್ತೀರಲ್ಲವೇ? ಉಳಿಯಲಿಲ್ಲ. ಒಂದು ನಾಳ ಮುಚ್ಚಿಹೋಗಿತ್ತು, ಮೂಳೆ ಸಾಕಷ್ಟು ಕರಗಿತ್ತು, ಹಲ್ಲಿನ ಗೋಡೆಯೂ ಟೊಳ್ಳಾಗಿತ್ತು. ಕೀಳಿಸಬೇಕಾಯಿತು. ಈ ಗೌರಿ ಹಬ್ಬಕ್ಕೆ ಊರಿಗೆಲ್ಲ ಚಕ್ಕುಲಿ ಮಾಡಿ ಹಂಚಿದ ಅಕ್ಕ, ತಾನು ಮಾತ್ರ ಎಡಗಡೆಯಲ್ಲಿ ಮೆಲ್ಲಗೆ ಅಗಿಯುತ್ತಿದ್ದಳು. "ಆ ಮೂರು ರಾತ್ರಿಲೇ ಹೋಗಿದ್ದರೆ ಉಳೀತಿತ್ತೇನೋ ಕಣೇ" ಎಂದಳು. ನಾನು ಏನೂ ಹೇಳಲಿಲ್ಲ.

ಮಗಳ ಹಲ್ಲು ಅಲ್ಲೇ ಇದೆ. ಬಿಳುಪು ಮಾಡಿಸಿದ ಮೇಲೆ ಹಳದಿ ಅರ್ಧಕ್ಕರ್ಧ ಇಳಿದಿದೆ. ಫೋಟೋ ತೆಗೆಸುವಾಗ ತುಟಿ ಬಿಗಿಹಿಡಿಯುತ್ತಿದ್ದವಳು ಈಗ ಬಾಯ್ತುಂಬ ನಗುತ್ತಾಳೆ. "ಚಿಕ್ಕಮ್ಮಾ, ಇದು ನನ್ನದೇ ಹಲ್ಲು, ಜೀವ ಇರೋ ಹಲ್ಲು" ಎನ್ನುತ್ತಾಳೆ.

ಇಂದು ರಾತ್ರಿ ಹಲ್ಲುಜ್ಜುವಾಗ ಕನ್ನಡಿಯ ಮುಂದೆ ಒಂದು ನಿಮಿಷ ನಿಲ್ಲಿ. ಬಣ್ಣ ತಿರುಗಿದ ಹಲ್ಲಿದೆಯೇ? ವಸಡಿನಲ್ಲಿ ಗುಳ್ಳೆ ಇದೆಯೇ? ಹಿಂದೆಂದೋ ವಿಪರೀತ ನೋವು ಕೊಟ್ಟು ಈಗ ತೆಪ್ಪಗಿರುವ ಹಲ್ಲೊಂದಿದೆಯೇ? ಇದ್ದರೆ ಈ ವಾರವೇ ತೋರಿಸಿ. ಮನೆಯವರಿಗೆಲ್ಲ ಔಷಧಿ ನೆನಪಿಸುವ ನೀವು, ನಿಮ್ಮ ಹಲ್ಲಿಗೂ ಒಂದು ದಿನ ಬಿಡುವು ಮಾಡಿಕೊಳ್ಳಿ.